ಮಾತಾಡಿದವರ ಪಟ್ಟಿ

ಇದು ನಡೆದದ್ದು ಕಳೆದ ವರ್ಷದ ನವೆಂಬರ್ ತಿಂಗಳಲ್ಲಿ, ದಸರಾ ರಜೆ ಮುಗಿದು ಶಾಲೆ ಮತ್ತೆ ಶುರುವಾದ ಮೇಲೆ.

ಒಂದು ತಾಲ್ಲೂಕು ಊರಿನಲ್ಲಿ ಹಳೆಯ ಹೆಂಚಿನ ಸರ್ಕಾರಿ ಶಾಲೆ. ಅಲ್ಲಿ ಏಳನೇ ತರಗತಿಗೆ ಕುಮುದಾ ಮೇಡಂ ಕ್ಲಾಸ್ ಟೀಚರ್. ವಿಜ್ಞಾನ, ಗಣಿತ ಎರಡನ್ನೂ ಅವರೇ ಕಲಿಸುತ್ತಿದ್ದರು. ಹದಿನಾಲ್ಕು ವರ್ಷದ ನೌಕರಿಯಲ್ಲಿ ಒಂದು ಮಗುವಿಗೂ ಏಟು ಕೊಟ್ಟವರಲ್ಲ. ಕೋಲು ಹಿಡಿಯುವ ಮೇಷ್ಟ್ರುಗಳನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಶಿಕ್ಷೆ ಅನ್ನುವುದಿದ್ದರೆ ಅದಕ್ಕೊಂದು ಅಳತೆ ಇರಬೇಕು, ಆ ಅಳತೆ ಎಲ್ಲರಿಗೂ ಒಂದೇ ಆಗಿರಬೇಕು ಎಂದು ನಂಬಿದ್ದರು.

ಬಿಸಿಯೂಟದ ಹೊಣೆಯೂ ಅವರ ಮೇಲೇ ಇತ್ತು. ಪ್ರತಿದಿನ ಎರಡನೇ ಪೀರಿಯಡ್ ಮುಗಿದೊಡನೆ ಅಡುಗೆಮನೆಗೆ ಹೋಗಿ, ಅಂದಿನ ಹಾಜರಿಗೆ ತಕ್ಕಷ್ಟು ಅಕ್ಕಿ ಬೇಳೆ ಅಳೆದು ಕೊಟ್ಟು ಬರಬೇಕು. ಅದಕ್ಕೆ ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ಅಷ್ಟು ಹೊತ್ತು ತರಗತಿ ಕ್ಲಾಸ್ ಲೀಡರ್ ಕೈಯಲ್ಲಿ.

ನಮ್ಮ ಶಾಲೆಗಳಲ್ಲಿ ಇದು ಅಜ್ಜನ ಕಾಲದ ಪದ್ಧತಿ. ನೀವೂ ಕಂಡಿರುತ್ತೀರಿ. ಟೀಚರ್ ಆಚೆ ಹೋದ ಕೂಡಲೇ ಲೀಡರ್ ಸೀಮೆಸುಣ್ಣ ಹಿಡಿದು ಬೋರ್ಡಿನ ಮುಂದೆ ನಿಲ್ಲುತ್ತಾನೆ. ಮೂಲೆಯಲ್ಲಿ ‘ಮಾತಾಡಿದವರು’ ಎಂದು ಬರೆದು ಕೆಳಗೊಂದು ಗೆರೆ ಎಳೆಯುತ್ತಾನೆ. ಬಾಯಿ ಬಿಟ್ಟವರ ಹೆಸರು ಗೆರೆಯ ಕೆಳಗೆ ಬೀಳುತ್ತದೆ. ಇನ್ನೊಮ್ಮೆ ಬಾಯಿ ಬಿಟ್ಟರೆ ಹೆಸರಿನ ಮುಂದೆ ಗುಣಾಕಾರದ ಚಿಹ್ನೆ ಹಾಕಿ ಎರಡು ಎಂದು ಬರೆಯುತ್ತಾನೆ. ಮತ್ತೆ ಬಿಟ್ಟರೆ ಎರಡು ಅಳಿಸಿ ಮೂರು.

ಕುಮುದಾ ಮೇಡಂ ಈ ಪಟ್ಟಿಗೊಂದು ಸೂತ್ರ ಮಾಡಿದ್ದರು. ಒಂದು ಸಲ ಮಾತಾಡಿದ್ದಕ್ಕೆ ಹತ್ತು ಸಾಲು. ಮೂರು ಸಲಕ್ಕೆ ಮೂವತ್ತು. ‘ನಾನು ತರಗತಿಯಲ್ಲಿ ಮಾತನಾಡುವುದಿಲ್ಲ’ ಎಂಬ ಸಾಲನ್ನು ಅಷ್ಟು ಸಲ ಬರೆದು ಮರುದಿನ ತೋರಿಸಬೇಕು. ಅದಕ್ಕೆಂದೇ ಪ್ರತಿಯೊಬ್ಬರದೂ ಒಂದೊಂದು ಬೇರೆ ನೋಟ್‌ಬುಕ್. ಮೇಡಂ ಪ್ರತಿ ಪುಟದ ಕೆಳಗೆ ಕೆಂಪು ಶಾಯಿಯಲ್ಲಿ ‘ನೋಡಿದೆ’ ಎಂದು ಬರೆದು ಸಹಿ ಹಾಕುತ್ತಿದ್ದರು. ಕೋಲಿಲ್ಲ, ಬೈಗುಳವಿಲ್ಲ, ಪಕ್ಷಪಾತವಿಲ್ಲ. ಬೇರೆ ಟೀಚರುಗಳು ಬಂದು ಈ ಸೂತ್ರ ಕೇಳಿಕೊಂಡು ಹೋಗಿದ್ದರು. ಮೇಡಂಗೆ ಅದರ ಬಗ್ಗೆ ಒಳಗೊಳಗೇ ಹೆಮ್ಮೆ ಇತ್ತು.

ಲೀಡರ್ ಹೇಮಂತ. ಓದಿನಲ್ಲಿ ಮೊದಲಿಗ. ಅವನ ಅಕ್ಷರ ಮುತ್ತು ಪೋಣಿಸಿದಂತೆ. ದೊಡ್ಡವರ ಮುಂದೆ ಕೈಕಟ್ಟಿ ನಿಲ್ಲುವ ಹುಡುಗ. ಅವನ ತಂದೆ ರುದ್ರೇಶಪ್ಪ ಊರಿನಲ್ಲಿ ಗೊಬ್ಬರದ ಅಂಗಡಿ ಇಟ್ಟವರು, ಶಾಲಾ ಸಮಿತಿಯ ಅಧ್ಯಕ್ಷರು.

ಮೂರನೇ ಬೆಂಚಿನಲ್ಲಿ ನಾಗವೇಣಿ ಎಂಬ ಹುಡುಗಿ ಕೂರುತ್ತಿದ್ದಳು. ಅವಳ ತಾಯಿ ತಿಪ್ಪಮ್ಮ ಅದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ನಾಗವೇಣಿ ಉಗ್ಗುತ್ತಿದ್ದಳು. ಮಾತಿನ ಮೊದಲ ಅಕ್ಷರ ಅವಳ ನಾಲಗೆಗೆ ಅಂಟಿಕೊಳ್ಳುತ್ತಿತ್ತು. ಅದನ್ನು ಬಿಡಿಸಿಕೊಳ್ಳಲು ಅದೇ ಅಕ್ಷರವನ್ನು ನಾಲ್ಕೈದು ಸಲ ತಳ್ಳಬೇಕಿತ್ತು. ಇದು ಮೇಡಂಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ, ಮಗುವಿಗೆ ಮುಜುಗರ ಬೇಡವೆಂದು, ಅವಳನ್ನು ಎಬ್ಬಿಸಿ ಪ್ರಶ್ನೆ ಕೇಳುವುದನ್ನು ಬಿಟ್ಟಿದ್ದರು.

ಜುಲೈ ತಿಂಗಳಿಂದ ಪಟ್ಟಿಯ ಮೊದಲ ಹೆಸರು ನಾಗವೇಣಿಯದೇ ಆಗತೊಡಗಿತು. ನಾಗವೇಣಿ × 5. ನಾಗವೇಣಿ × 7. ಒಂದು ದಿನ ನಾಗವೇಣಿ × 11. ಮೇಡಂ ಅಡುಗೆಮನೆಯಿಂದ ಬಂದು ಪಟ್ಟಿಯನ್ನು ಗಟ್ಟಿಯಾಗಿ ಓದುತ್ತಿದ್ದರು. ಹನ್ನೊಂದು ಬಂದ ದಿನ, “ಇಷ್ಟೊಂದು ಮಾತಾ ನಿನಗೆ?” ಎಂದು ಕೇಳಿದ್ದರು. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಯಾಕೆ ಎಂದು ತಿಳಿಯದಿದ್ದರೂ ಮೇಡಂ ಮುಖದಲ್ಲೂ ನಗು ಬಂದಿತ್ತು.

ಬಾಯಿ ಬಿಡಲು ಹೆದರುವ ಹುಡುಗಿ. ತರಗತಿಯಲ್ಲೇ ಅತಿ ಹೆಚ್ಚು ಮಾತಾಡುವ ಹುಡುಗಿ. ಈ ಎರಡು ಸಂಗತಿಗಳೂ ಮೇಡಂ ತಲೆಯಲ್ಲಿ ನಾಲ್ಕು ತಿಂಗಳು ಇದ್ದವು. ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ಅವರು ಒಂದು ದಿನವೂ ನೋಡಲಿಲ್ಲ. ಅವರು ವಿಜ್ಞಾನದ ಟೀಚರ್.

ನವೆಂಬರ್ ಎರಡನೇ ವಾರದ ಸೋಮವಾರ. ನಾಗವೇಣಿ ಗುರುವಾರದಿಂದ ಶಾಲೆಗೆ ಬಂದಿರಲಿಲ್ಲ. ಮೇಡಂ ಅಡುಗೆಮನೆಯಲ್ಲಿ ಅಕ್ಕಿ ಅಳೆಯುತ್ತಿದ್ದರು. ತಿಪ್ಪಮ್ಮ ಪಾತ್ರೆ ಹಿಡಿದು ಎದುರಿಗೆ ನಿಂತಿದ್ದಳು.

“ಮೇಡಂ, ನಾಗವೇಣಿದು ಟಿ.ಸಿ. ಬೇಕಿತ್ತು.”

“ನಡು ವರ್ಷದಲ್ಲಿ ಟಿ.ಸಿ. ಯಾಕೆ ತಿಪ್ಪಮ್ಮ?”

“ನಮ್ಮಕ್ಕನ ಊರಿಗೆ ಕಳಿಸ್ತೀನಿ.”

“ಅಲ್ಲಿ ಐದನೇ ಕ್ಲಾಸ್‌ವರೆಗೆ ಮಾತ್ರ ತಾನೇ ಇರೋದು?”

ತಿಪ್ಪಮ್ಮ ಪಾತ್ರೆಯ ಅಂಚನ್ನು ಸೆರಗಿನಿಂದ ಒರೆಸಿದಳು. “ಹೌದು. ಓದು ಸಾಕಂತೆ ಅವಳಿಗೆ. ಅಕ್ಕನ ಜೊತೆ ಊದುಬತ್ತಿ ಹೊಸೀತಾಳಂತೆ. ಅಲ್ಲಿ ಯಾರೂ ಮಾತಾಡ್ಸಲ್ಲ ಅಂತ ಬರೆದು ತೋರಿಸಿದ್ಲು.”

“ಬರೆದು ತೋರಿಸಿದಳಾ?”

“ಮಾತು ಬಿಟ್ಟು ಮೂರು ವಾರ ಆಯ್ತು ಮೇಡಂ. ರಜೆಯಲ್ಲಿ ಅಷ್ಟಿಷ್ಟು ಆಡ್ತಿದ್ಲು. ಶಾಲೆ ಶುರುವಾದ ಮೇಲೆ ಮನೇಲಿ ನನ್ನ ಹತ್ರಾನೂ ಇಲ್ಲ. ಉಪ್ಪು ಬೇಕಾದ್ರೂ ಕೈ ತೋರಿಸ್ತಾಳೆ.” ತಿಪ್ಪಮ್ಮ ಪಾತ್ರೆಯನ್ನು ಇನ್ನೊಂದು ಕೈಗೆ ಬದಲಿಸಿದಳು. “ನಾನು ಏನೋ ಅಂದ್ಕೊಂಡಿದ್ದೆ. ಹಾಲು ಹಂಚೋಕೆ ಬಂದಾಗ ದಿನಾ ನಿಮ್ಮ ಬೋರ್ಡಿನ ಮೇಲೆ ಅವಳ ಹೆಸರು ನೋಡ್ತಿದ್ದೆ. ಮುಂದೆ ಆರು, ಏಳು ಅಂತ ಇರ್ತಿತ್ತು. ಮನೇಲಿ ಇಲ್ದಿದ್ರೂ ಶಾಲೇಲಾದ್ರೂ ನನ್ನ ಮಗಳು ಇಷ್ಟು ಬಾಯಿ ಬಿಡ್ತಾಳಲ್ಲ ಅಂತ ಖುಷಿ ಪಡ್ತಿದ್ದೆ.”

ಮೇಡಂ ಕೈಯಲ್ಲಿದ್ದ ಸೇರು ಅಕ್ಕಿಯಲ್ಲೇ ನಿಂತಿತು.

“ಎರಡು ದಿನ ತಡಿ ತಿಪ್ಪಮ್ಮ,” ಎಂದರು.

ಅಂದು ಸಂಜೆ ಶಾಲೆ ಬಿಟ್ಟ ಮೇಲೆ ಮೇಡಂ ಅಲ್ಮೇರಾ ತೆಗೆದರು. ಬರೆಸಿದ ನೋಟ್‌ಬುಕ್‌ಗಳೆಲ್ಲ ಕಟ್ಟು ಕಟ್ಟಿ ಅಲ್ಲೇ ಇದ್ದವು. ಬೇರೆ ಮಕ್ಕಳದು ನಾಲ್ಕು ಪುಟ, ಐದು ಪುಟ. ಬಾಯಿಬಡುಕನೆಂದೇ ಹೆಸರಾದ ಮಾರುತಿಯದು ಆರು ಪುಟ. ನಾಗವೇಣಿಯದು ಇನ್ನೂರು ಪುಟದ ನೋಟ್‌ಬುಕ್. ಅದರಲ್ಲಿ ನೂರ ತೊಂಬತ್ತೆರಡು ಪುಟ ತುಂಬಿತ್ತು. ಪುಟಕ್ಕೆ ಇಪ್ಪತ್ತು ಸಾಲು. ಮೂರು ಸಾವಿರದ ಎಂಟುನೂರ ನಲವತ್ತು ಸಲ ಆ ಮಗು ‘ನಾನು ತರಗತಿಯಲ್ಲಿ ಮಾತನಾಡುವುದಿಲ್ಲ’ ಎಂದು ಬರೆದಿತ್ತು. ಮೊದಲ ಪುಟಗಳಲ್ಲಿ ಅಕ್ಷರ ದುಂಡಗಿತ್ತು. ಕೊನೆಯ ಪುಟಗಳಲ್ಲಿ ಪೆನ್ನು ಹಾಳೆಯನ್ನು ಹರಿದು ಆಚೆ ಬಂದಿತ್ತು. ಹರಿದ ಪುಟದ ಕೆಳಗೂ ಕೆಂಪು ಶಾಯಿಯಲ್ಲಿ ‘ನೋಡಿದೆ’ ಎಂದಿತ್ತು.

ನೋಡಿದವರು ಯಾರು? ಮೇಡಂ ಆ ಸಹಿಯನ್ನು ಬೇರೆ ಯಾರದೋ ಎಂಬಂತೆ ದಿಟ್ಟಿಸಿದರು.

ಮರುದಿನ ಎರಡನೇ ಪೀರಿಯಡ್ ಮುಗಿಯಿತು. ಮೇಡಂ ಎಂದಿನಂತೆ ಹೊರಟರು. ಆದರೆ ಅಡುಗೆಮನೆಗೆ ಹೋಗಲಿಲ್ಲ. ಪಕ್ಕದ ಪ್ರಯೋಗಾಲಯದ ಬೀಗ ತೆಗೆದು ಒಳಗೆ ನಿಂತರು. ಹಳೆಯ ಕಟ್ಟಡ. ನಡುವಿನ ಗೋಡೆ ಹೆಂಚಿನವರೆಗೆ ಏರಿರಲಿಲ್ಲ. ಆಚೆ ಆಡಿದ್ದು ಈಚೆ ಕೇಳುತ್ತಿತ್ತು.

“ಬಫರಿಂಗ್ ಇವತ್ತೂ ಬಂದಿಲ್ಲ ಕಣ್ರೋ,” ಎಂದಿತು ಒಂದು ಧ್ವನಿ.

“ನೆಟ್‌ವರ್ಕ್ ಸಿಗದೆ ವಿಡಿಯೋ ಪೂರ್ತಿ ನಿಂತಿರಬೇಕು ಬಿಡೋ,” ಎಂದಿತು ಇನ್ನೊಂದು. ಕಿಸಿಕಿಸಿ ನಗು.

“ಹಾಗಾದ್ರೆ ಇವತ್ತು ಯಾರಾದ್ರೂ ಬಫರಿಂಗ್ ಆಗಿ.” ಇದು ಹೇಮಂತನ ಧ್ವನಿ. “ಮಾರುತಿ, ನೀನು ಹೋಗಿ ನಾಗವೇಣಿ ಜಾಗದಲ್ಲಿ ಕೂತ್ಕೋ.”

ಬೆಂಚು ಸರಿದ ಸದ್ದು. ಆಮೇಲೆ ಹೇಮಂತ ಗಂಟಲು ಸರಿಮಾಡಿಕೊಂಡು ಕೇಳಿದ. “ಎದ್ದು ನಿಲ್ಲು ಪುಟ್ಟಾ. ನಿನ್ನ ಹೆಸರೇನಮ್ಮ?”

ಗೋಡೆಯ ಈಚೆ ನಿಂತ ಮೇಡಂ ಬೆಚ್ಚಿದರು. ಅದು ಅವರದೇ ಧ್ವನಿ. ಹೊಸ ಮಕ್ಕಳನ್ನು ಅವರು ಕೇಳುತ್ತಿದ್ದದ್ದು ಹಾಗೆಯೇ.

“ನ… ನ… ನ… ನ…” ಎಂದ ಮಾರುತಿ.

ಮಗ್ಗಿ ಒಪ್ಪಿಸುವ ರಾಗದಲ್ಲಿ ತರಗತಿ ಎಣಿಸಿತು. “ಒಂದು, ಎರಡು, ಮೂರು, ನಾಲ್ಕು.”

ಬೋರ್ಡಿನ ಮೇಲೆ ಸೀಮೆಸುಣ್ಣ ಟಕಟಕ ಸದ್ದು ಮಾಡಿತು. ಕೂಡಲೇ ನಗುವಿನ ಅಲೆ ಎದ್ದಿತು. ನಾಲ್ಕು ತಿಂಗಳಿಂದ ತಾವು ಗಟ್ಟಿಯಾಗಿ ಓದುತ್ತಿದ್ದ ಸಂಖ್ಯೆ ಏನೆಂಬುದು ಮೇಡಂಗೆ ಆಗ ತಿಳಿಯಿತು. ಒಂದು ಮಗು ತನ್ನ ಹೆಸರು ಹೇಳಲು ಎಷ್ಟು ಸಲ ಹೆಣಗಿತು ಎಂಬ ಲೆಕ್ಕ ಅದು. ಪ್ರತಿ ಹೆಣಗಾಟಕ್ಕೂ ಅವರು ಹತ್ತು ಸಾಲು ಬರೆಸಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಬೇಲಿ ಹಾಕಿದವರು ಅವರು.

ಅವರು ತರಗತಿಗೆ ಬಂದಾಗ ಹೇಮಂತ ಡಸ್ಟರ್ ಹಿಡಿದಿದ್ದ. ‘ನಾಗವೇಣಿ × 4’ ಅರ್ಧ ಅಳಿಸಿತ್ತು.

“ಅಳಿಸಬೇಡ. ಇರಲಿ,” ಎಂದರು ಮೇಡಂ. “ದಿನಾ ಅವಳ ಹೆಸರು ಕೇಳ್ತಿದ್ದೆಯಾ?”

“ಹೌದು ಮಿಸ್.” ಹೇಮಂತ ಕೈಕಟ್ಟಿ ನಿಂತಿದ್ದ.

“ಹೆಸರು ಹೇಳೋದು ಮಾತಾಡಿದ ಹಾಗಾ?”

“ನೀವಿಲ್ಲದಾಗ ಬಾಯಿ ಬಿಟ್ರೆ ಮಾತಾಡಿದ ಹಾಗೇ ಅಂತ ನೀವೇ ಹೇಳಿದ್ರಿ ಮಿಸ್.”

“ಹೇಳದೆ ಸುಮ್ಮನಿದ್ರೆ?”

“ಲೀಡರ್ ಮಾತು ಕೇಳಲಿಲ್ಲ ಅಂತ ಹೆಸರು ಬರೀತಿದ್ದೆ. ಅದಕ್ಕೂ ಹತ್ತು ಸಾಲೇ ಅಲ್ವಾ ಮಿಸ್.”

“ಏಳು, ಎಂಟು, ಹನ್ನೊಂದು?”

“ಎಷ್ಟು ಸಲ ಅಂದಳೋ ಅಷ್ಟು. ನಾನು ಒಂದೂ ಸುಳ್ಳು ಬರೆದಿಲ್ಲ. ಬೇಕಾದ್ರೆ ಎಲ್ಲರನ್ನೂ ಕೇಳಿ. ಎಲ್ಲರೂ ಸೇರಿಯೇ ಎಣಿಸ್ತಿದ್ವಿ. ರೂಲ್ ನಿಮ್ಮದೇ ಮಿಸ್.”

ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಮೇಡಂ ಕೈ ಮೇಲೆದ್ದಿತು. ಹುಡುಗ ಕಣ್ಣು ಮುಚ್ಚಿದ. ಕೈ ಅರ್ಧದಲ್ಲೇ ನಿಂತಿತು. ಈ ಕೈ ಯಾರಿಗೂ ಹೊಡೆದಿಲ್ಲ ಎಂಬ ಹೆಮ್ಮೆ ಸುಳ್ಳೆಂದು ಅವರಿಗೆ ಆ ಕ್ಷಣ ಹೊಳೆಯಿತು. ನೂರ ತೊಂಬತ್ತೆರಡು ಪುಟ ಅದು ಹೊಡೆದಿತ್ತು. ಕೈ ಕೆಳಗಿಳಿಯಿತು.

ಅವರು ಮೂರನೇ ಬೆಂಚಿನ ಕಡೆ ತಿರುಗಿದರು. ಅಲ್ಲಿ ನಾಗವೇಣಿಯ ಪಕ್ಕ ಕೂರುತ್ತಿದ್ದವಳು ರೂಹಿ.

“ರೂಹಿ, ನೀನಾದ್ರೂ ನನಗೆ ಹೇಳಬಾರದಿತ್ತಾ?”

ರೂಹಿ ಎದ್ದು ನಿಂತಳು. ಡೆಸ್ಕ್ ನೋಡುತ್ತ ಹೇಳಿದಳು. “ಹೇಳೋಕೆ ಬಂದಿದ್ದೆ ಮಿಸ್. ಆಗಸ್ಟ್‌ನಲ್ಲಿ. ಸ್ಟಾಫ್ ರೂಮಿಗೆ. ‘ಲೀಡರ್ ಮೇಲೆ ಚಾಡಿ ಹೇಳಬೇಡ, ಹೋಗಿ ಕೂತ್ಕೋ’ ಅಂದ್ರಿ.”

ಮೇಡಂಗೆ ಅದು ನೆನಪೇ ಇರಲಿಲ್ಲ. ಆದರೆ ಆ ಮಾತು ತಮ್ಮದೇ ಎಂಬುದರಲ್ಲಿ ಅನುಮಾನವೂ ಇರಲಿಲ್ಲ. ಲೀಡರ್ ಬೋರ್ಡಿನ ಮೇಲೆ ಬರೆದರೆ ಅದು ಶಿಸ್ತು. ರೂಹಿ ಬಾಯಲ್ಲಿ ಹೇಳಿದರೆ ಅದು ಚಾಡಿ. ಎಂಥ ನ್ಯಾಯ.

“ಮಾರನೇ ದಿನ ಹೇಮಂತ ನನ್ನ ಹೆಸರೂ ಬರೆದ,” ಎಂದು ರೂಹಿ ಕೂತಳು.

ಮೇಡಂ ನೋಟ್‌ಬುಕ್ ಹಿಡಿದು ಹೆಡ್‌ಮಾಸ್ಟರ್ ಚನ್ನವೀರಯ್ಯನವರ ಕೋಣೆಗೆ ಹೋದರು. ನಡೆದದ್ದನ್ನೆಲ್ಲ ಹೇಳಿದರು. ಚನ್ನವೀರಯ್ಯ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ನಿವೃತ್ತಿಗೆ ಏಳು ತಿಂಗಳಿತ್ತು.

“ಹುಡುಗಿ ಕಡೆಯವರೇ ಟಿ.ಸಿ. ಕೇಳ್ತಿದ್ದಾರೆ ಅಂದ್ರಿ. ಕೊಟ್ಟುಬಿಟ್ರೆ ಅವಳಿಗೂ ನೆಮ್ಮದಿ, ನಮಗೂ ನೆಮ್ಮದಿ. ಹುಡುಗ ಅಧ್ಯಕ್ಷರ ಮಗ ಮೇಡಂ.”

“ಏಟು ತಿಂದವಳು ಮನೆಗೆ ಹೋಗಬೇಕು, ಕೊಟ್ಟವನು ಬೋರ್ಡಿನ ಮುಂದೆ ನಿಲ್ಲಬೇಕಾ ಸರ್?”

“ಹಾಗಲ್ಲ…”

“ಹಾಗೇ ಆಗೋದು. ಹುಡುಗನ ತಂದೆಯನ್ನ ನಾಳೆ ಕರೆಸಿ. ಇನ್ನೊಂದು ವಿಷಯ. ಇದರಲ್ಲಿ ನನ್ನ ತಪ್ಪು ಏನು ಅಂತ ಬರೆದು ಕೊಡ್ತೀನಿ. ಅದನ್ನ ಬಿ.ಇ.ಒ. ಕಚೇರಿಗೆ ಕಳಿಸಿ.”

“ನಿಮ್ಮ ಮೇಲೆ ನೀವೇ ಬರೆದುಕೊಳ್ತೀರಾ? ನಿಮಗೇನು ತಲೆ ಕೆಟ್ಟಿದೆಯಾ ಮೇಡಂ?”

“ನೀವು ಕಳಿಸದಿದ್ರೆ ನಾನೇ ಹೋಗಿ ಕೊಟ್ಟು ಬರ್ತೀನಿ ಸರ್.”

ಮರುದಿನ ಬೆಳಿಗ್ಗೆ ರುದ್ರೇಶಪ್ಪ ಹೆಡ್‌ಮಾಸ್ಟರ್ ಕೋಣೆಗೆ ಬಂದರು. ಹೇಮಂತ ಅವರ ಪಕ್ಕದಲ್ಲಿ ನಿಂತ. ರುದ್ರೇಶಪ್ಪ ಕೆಟ್ಟ ಮನುಷ್ಯರೇನಲ್ಲ. ಮಗನ ರ‍್ಯಾಂಕ್ ಕಾರ್ಡ್ ಬಿಟ್ಟು ಮಗನ ಬಗ್ಗೆ ಬೇರೇನನ್ನೂ ಓದದ ಮನುಷ್ಯರು.

“ಮಕ್ಕಳಾಟ ಮೇಡಂ,” ಎಂದರು ನಗುತ್ತ. “ನಾವೆಲ್ಲ ಇಂಥ ತಮಾಷೆ ಮಾಡ್ಕೊಂಡೇ ಬೆಳೆದಿಲ್ವಾ? ನಮ್ಮ ಜೊತೆ ಒಬ್ಬ ಕುಂಟ ಇದ್ದ. ಅವನಿಗೆ ನಾವು ಅಂದಿದ್ದಕ್ಕೆ ಲೆಕ್ಕವಿಲ್ಲ. ಏನೂ ಅಂದ್ಕೊಳ್ತಿರಲಿಲ್ಲ ಪಾಪ.”

“ಈಗ ಎಲ್ಲಿದ್ದಾರೆ ಅವರು?”

“ಯಾರಿಗೆ ಗೊತ್ತು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ.”

ಹೇಳಿದ ಮೇಲೆ ರುದ್ರೇಶಪ್ಪನ ನಗು ಸ್ವಲ್ಪ ಹೊತ್ತು ಮುಖದ ಮೇಲೇ ಉಳಿಯಿತು. ಎಲ್ಲಿಗೆ ಹೋಗಬೇಕೆಂದು ಅದಕ್ಕೆ ತಿಳಿಯಲಿಲ್ಲ.

“ಬೆಕ್ಕು ಅದನ್ನ ಆಟ ಅಂತ ಕರೆಯುತ್ತೆ ಸರ್. ಇಲಿಯನ್ನ ಕೇಳಿದ್ರೆ ಬೇರೆ ಹೆಸರು ಹೇಳುತ್ತೆ,” ಎಂದ ಮೇಡಂ ನೋಟ್‌ಬುಕ್ ತೆಗೆದು ಅವರ ಮುಂದಿಟ್ಟರು. “ಇದರಲ್ಲಿ ಯಾವುದಾದರೂ ಒಂದು ಪುಟ ಓದಿ. ಗಟ್ಟಿಯಾಗಿ.”

ರುದ್ರೇಶಪ್ಪ ಒಂದು ಪುಟ ತೆರೆದು ಓದತೊಡಗಿದರು. ನಾನು ತರಗತಿಯಲ್ಲಿ ಮಾತನಾಡುವುದಿಲ್ಲ. ನಾನು ತರಗತಿಯಲ್ಲಿ ಮಾತನಾಡುವುದಿಲ್ಲ. ಎಂಟನೇ ಸಾಲಿಗೆ ಅವರ ಧ್ವನಿ ಇಳಿಯಿತು. ತಲೆ ಎತ್ತಿದರು.

“ಇನ್ನೂ ಹನ್ನೆರಡಿದೆ. ಪುಟ ಮುಗಿಸಿ,” ಎಂದರು ಮೇಡಂ.

ಅವರು ಮುಗಿಸಿದರು. ಕೊನೆಯ ಸಾಲುಗಳು ಯಾರಿಗೂ ಕೇಳಿಸಲಿಲ್ಲ.

“ಇಂಥ ಪುಟ ನೂರ ತೊಂಬತ್ತೆರಡು ಇವೆ. ಬರೆಸಿದವಳು ನಾನು. ಅದಕ್ಕೆ ಉತ್ತರ ನಾನು ಕೊಡ್ತೀನಿ. ಸಂಖ್ಯೆ ಕೊಟ್ಟವನು ನಿಮ್ಮ ಮಗ. ಅವನು ಏನು ಮಾಡಿದ ಅಂತ ಅವನ ಬಾಯಿಂದಲೇ ಕೇಳಿ.”

ಹೇಮಂತ ಹೇಳಿದ. ಮೊದಲು ತಡವರಿಸಿದ, ಆಮೇಲೆ ಪೂರ್ತಿ ಹೇಳಿದ. ಹೇಳುವಾಗ ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು. ಯಾರೂ ನಗಲಿಲ್ಲ, ಯಾರೂ ಎಣಿಸಲಿಲ್ಲ. ಅವನು ಮುಗಿಸುವವರೆಗೆ ಮೂವರು ದೊಡ್ಡವರೂ ಕಾದರು.

ಅಂದು ನಾಲ್ಕು ತೀರ್ಮಾನವಾಯಿತು. ಹೇಮಂತ ಇನ್ನು ಲೀಡರ್ ಅಲ್ಲ. ಒಂದು ತಿಂಗಳವರೆಗೆ ಪ್ರತಿ ಶನಿವಾರ ತಂದೆಯೊಂದಿಗೆ ಬಂದು ಮೇಡಂ ಎದುರು ಕೂರಬೇಕು, ಆ ವಾರ ಯಾರೊಂದಿಗೆ ಹೇಗೆ ನಡೆದುಕೊಂಡ ಎಂದು ಹೇಳಬೇಕು. ಮಾತಾಡಿದವರ ಪಟ್ಟಿ ಆ ಶಾಲೆಯ ಯಾವ ತರಗತಿಯಲ್ಲೂ ಇರಕೂಡದು. ಮೇಡಂ ಅಕ್ಕಿ ಅಳೆಯಲು ಹೋದ ಇಪ್ಪತ್ತು ನಿಮಿಷ ಹೆಡ್‌ಮಾಸ್ಟರ್ ಬಂದು ತರಗತಿಯಲ್ಲಿ ಕೂರಬೇಕು. ಈ ಕೊನೆಯದಕ್ಕೆ ಚನ್ನವೀರಯ್ಯ ಮುಖ ಹಿಂಡಿದರು. ಆದರೂ ಒಪ್ಪಿದರು.

ಕಥೆ ಇಲ್ಲಿಗೆ ಮುಗಿಯಿತು ಎಂದುಕೊಳ್ಳಬೇಡಿ. ಆ ದಿನ ಮಧ್ಯಾಹ್ನ ಮೇಡಂ ತರಗತಿಗೆ ಬಂದರೆ, ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ‘ಹೇಮಂತ × 100’ ಎಂದಿತ್ತು. ಅವನು ಒಬ್ಬನೇ ಕೊನೆಯ ಬೆಂಚಿನಲ್ಲಿದ್ದ. ಪಕ್ಕದಲ್ಲಿ ಕೂರಲು ಯಾರೂ ಒಪ್ಪಿರಲಿಲ್ಲ. ಹಿಂದಿನ ದಿನ ನಾಗವೇಣಿಯಾಗಿ ಕುಳಿತು ಎಲ್ಲರನ್ನೂ ನಗಿಸಿದ ಮಾರುತಿ ಈಗ ಮೇಜು ಬಡಿಯುತ್ತ, “ಲೀಡರ್ ಔಟ್, ಲೀಡರ್ ಔಟ್,” ಎನ್ನುತ್ತಿದ್ದ.

ಮೇಡಂ ಸದ್ದು ನಿಲ್ಲುವವರೆಗೆ ನಿಂತರು. ಡಸ್ಟರ್ ತೆಗೆದುಕೊಂಡು ಅದನ್ನು ಒರೆಸಿದರು.

“ನಿನ್ನೆ ಅವನು ಸೀಮೆಸುಣ್ಣ ಹಿಡಿದಿದ್ದಾಗ ರೂಹಿ ಬಿಟ್ಟು ನಿಮ್ಮಲ್ಲಿ ಒಬ್ಬರಿಗೂ ಧೈರ್ಯ ಇರಲಿಲ್ಲ. ಇವತ್ತು ಅವನ ಕೈ ಬರಿದಾಗಿದೆ, ಎಲ್ಲರಿಗೂ ಧೈರ್ಯ ಬಂದಿದೆ. ಇದಕ್ಕೆ ಧೈರ್ಯ ಅಂತ ಹೆಸರಲ್ಲ. ಒಬ್ಬಳನ್ನ ಇಳಿಸಿ ಅದೇ ಜಾಗಕ್ಕೆ ಇನ್ನೊಬ್ಬನನ್ನ ಏರಿಸಿದ್ದೀರಿ, ಅಷ್ಟೇ. ನಗು ಮಾತ್ರ ನಿಮಗೆ ಬೇಕು, ಯಾರ ಮೇಲಾದರೂ ಸರಿ.”

ಮಾರುತಿ ಕೈ ಕೆಳಗಿಳಿಸಿದ.

“ಎಲ್ಲರೂ ಒಂದೊಂದು ಹಾಳೆ ತೆಗೀರಿ,” ಎಂದರು ಮೇಡಂ. “ಹೆಸರು ಬೇಡ. ಎರಡು ಪ್ರಶ್ನೆ. ನಾಗವೇಣಿಗೆ ಹೀಗೆ ಮಾಡೋದನ್ನ ನೀವು ಕಂಡಿದ್ದೀರಾ? ಕಂಡದ್ದನ್ನ ಯಾರಾದರೂ ದೊಡ್ಡವರಿಗೆ ಹೇಳೋಕೆ ಹೋಗಿದ್ದೀರಾ? ನಿಜ ಬರೀರಿ. ಇದಕ್ಕೆ ಶಿಕ್ಷೆ ಇಲ್ಲ.”

ಎಲ್ಲರೂ ಬಗ್ಗಿ ಬರೆದರು. ಮೇಡಂ ಹಾಳೆಗಳನ್ನು ಕೂಡಿಸಿ ಬ್ಯಾಗಿನಲ್ಲಿಟ್ಟುಕೊಂಡರು. ಆಮೇಲೆ ಅಡುಗೆಮನೆಗೆ ಹೋದರು.

ತಿಪ್ಪಮ್ಮ ಹಂಡೆ ತೊಳೆಯುತ್ತಿದ್ದಳು. ಮೇಡಂ ಅವಳೆದುರು ಕುಕ್ಕರಗಾಲಲ್ಲಿ ಕೂತು ಎಲ್ಲವನ್ನೂ ಹೇಳಿದರು. ಆ ಸಂಖ್ಯೆ ಏನೆಂದು ಹೇಳಿದರು. ಬರೆಸಿದ್ದು ತಾವೇ ಎಂದೂ ಹೇಳಿದರು. ಏನನ್ನೂ ಮೃದು ಮಾಡಲಿಲ್ಲ.

ತಿಪ್ಪಮ್ಮ ಬಹಳ ಹೊತ್ತು ಹಂಡೆಯನ್ನೇ ಉಜ್ಜಿದಳು. ಅದು ಆಗಲೇ ಬೆಳ್ಳಗಾಗಿತ್ತು.

“ನಾಗವೇಣಿ ಅಪ್ಪನೂ ಉಗ್ಗುತ್ತಿದ್ರು ಮೇಡಂ. ಹಮಾಲಿ ಮಾಡೋರು. ಹಮಾಲರು ಯಾರೂ ಅವರನ್ನ ನಿಲ್ಲಿಸಿ ಎಣಿಸಿದ್ದಿಲ್ಲ. ಓದು ಬಾರದ ಜನ ಅವರು.” ತಿಪ್ಪಮ್ಮ ನೀರು ಚೆಲ್ಲಿದಳು. “ಈ ಮಕ್ಕಳು ದಿನಾ ನನ್ನ ಕೈಯಲ್ಲೇ ಉಣ್ತಾ ಇದ್ವಲ್ಲ ಮೇಡಂ. ‘ಅಕ್ಕಾ ಇನ್ನೂ ಸ್ವಲ್ಪ ಸಾರು’ ಅಂತ ತಟ್ಟೆ ಒಡ್ಡುತ್ತಿದ್ವು. ಬೆಳಿಗ್ಗೆ ನನ್ನ ಮಗಳನ್ನ ಎಣಿಸಿ, ಮಧ್ಯಾಹ್ನ ನನ್ನ ಮುಂದೆ ತಟ್ಟೆ. ಒಂದಕ್ಕೂ ಗಂಟಲಲ್ಲಿ ಅನ್ನ ಸಿಕ್ಕಿಕೊಳ್ಳಲಿಲ್ವಾ?”

ಮೇಡಂ ತೊಳೆದ ಹಂಡೆಯನ್ನು ಎತ್ತಿ ಬೋರಲು ಹಾಕಿದರು.

“ಟಿ.ಸಿ. ಬೇಕಾ ಬೇಡವಾ ಅಂತ ಅವಳನ್ನೇ ಕೇಳಿ,” ಎಂದಳು ತಿಪ್ಪಮ್ಮ. “ನಾನು ಹೇಳಲ್ಲ. ನೀವೂ ಹೇಳಬೇಡಿ.”

ಗುರುವಾರ ನಾಗವೇಣಿ ಅಮ್ಮನ ಜೊತೆ ಬಂದಳು. ತರಗತಿಯ ಬಾಗಿಲಲ್ಲಿ ನಿಂತಳು. ಹೆಡ್‌ಮಾಸ್ಟರೂ ಬಂದಿದ್ದರು. ಮೇಡಂ ಬೋರ್ಡಿನ ಮುಂದೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು.

“ನಾಗವೇಣಿ ಒಂದು ದಿನವೂ ತಪ್ಪು ಮಾಡಿರಲಿಲ್ಲ. ನಾನು ಅರವತ್ತನಾಲ್ಕು ದಿನ ಅವಳಿಗೆ ಶಿಕ್ಷೆ ಕೊಟ್ಟೆ. ಒಂದು ದಿನವೂ ಯಾಕೆ ಅಂತ ಕೇಳಲಿಲ್ಲ. ಪ್ರತಿ ಪುಟಕ್ಕೂ ನೋಡಿದೆ ಅಂತ ಬರೆದೆ. ನೋಡಿರಲಿಲ್ಲ. ನಾಗವೇಣಿ, ತಪ್ಪು ನನ್ನದು. ಕ್ಷಮಿಸು ಅಂತ ನಿನ್ನನ್ನ ಒತ್ತಾಯ ಮಾಡಲ್ಲ. ಟಿ.ಸಿ. ಬೇಕು ಅಂದ್ರೆ ಇವತ್ತೇ ಕೊಡಿಸ್ತೀನಿ. ಇರ್ತೀನಿ ಅಂದ್ರೆ ನಿನ್ನ ಜಾಗ ನಿನ್ನದು. ಈ ನೋಟ್‌ಬುಕ್ ಕೂಡ ನಿನ್ನದು. ಹರಿದು ಹಾಕು, ಸುಡು, ಏನು ಬೇಕಾದ್ರೂ ಮಾಡು.”

ಹೇಮಂತ ಕೊನೆಯ ಬೆಂಚಿನಿಂದ ಎದ್ದು ನಿಂತ. ಏನೋ ಹೇಳಲು ಬಾಯಿ ತೆರೆದ. ನಾಗವೇಣಿ ಅವನ ಕಡೆ ನೋಡಲಿಲ್ಲ. ಅವನು ಕೂತ.

ಅವಳು ನೋಟ್‌ಬುಕ್ ತೆಗೆದುಕೊಂಡಳು. ಹಾಳೆಗಳನ್ನು ಬೆರಳಿನಲ್ಲಿ ಒಮ್ಮೆ ತಿರುವಿದಳು. ಬಾಯಿ ತೆರೆದಳು. ಮೊದಲ ಅಕ್ಷರ ಬರಲಿಲ್ಲ. ಕುತ್ತಿಗೆಯ ನರ ಉಬ್ಬಿತು. ಹಿಂದೆ ಯಾರೋ ಅಭ್ಯಾಸಬಲದಿಂದ ಕಿಸಕ್ಕೆಂದರು. ರೂಹಿ ತಿರುಗಿ ನೋಡಿದಳು. ಅದು ಅಲ್ಲೇ ನಿಂತಿತು. ಮೇಡಂ ಪದ ಊಹಿಸಿ ಅವಳ ಬಾಯಿಗೆ ಇಡಲಿಲ್ಲ. ‘ಪರವಾಗಿಲ್ಲ ಬಿಡು’ ಎನ್ನಲಿಲ್ಲ. ಕಾದರು.

“ಹ… ಹ… ಹರಿಯಲ್ಲ,” ಎಂದಳು ನಾಗವೇಣಿ. ಹೋಗಿ ನೋಟ್‌ಬುಕ್ಕನ್ನು ಹೆಡ್‌ಮಾಸ್ಟರ್ ಕೈಗೆ ಕೊಟ್ಟಳು. “ನಿ… ನಿಮ್ಮ ಮೇ… ಮೇಜಿನ ಮೇಲೆ ಇ… ಇಡಿ ಸರ್. ಬಂ… ಬಂದವರಿಗೆಲ್ಲ ಕಾ… ಕಾಣಲಿ.”

ಚನ್ನವೀರಯ್ಯ ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು. ಬೇಡವೆನ್ನಲು ಅವರಿಗಾಗಲಿಲ್ಲ.

ನಾಗವೇಣಿ ನಡೆದು ಮೂರನೇ ಬೆಂಚಿಗೆ ಬಂದಳು. ರೂಹಿ ಸರಿದು ಜಾಗ ಬಿಟ್ಟಳು. ಬಾಗಿಲಲ್ಲಿ ನಿಂತಿದ್ದ ತಿಪ್ಪಮ್ಮ ಮಗಳು ಕೂತದ್ದನ್ನು ನೋಡಿ, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ಹೊರಟಳು. ಅಕ್ಕಿ ಅಳೆಯುವ ಹೊತ್ತಾಗಿತ್ತು.

ನೀತಿ: ಪೀಡಿಸುವವನಿಗೆ ಸ್ವಂತ ಬಲ ಕಡಿಮೆ. ದೊಡ್ಡವರು ವಿಚಾರಿಸದೆ ಕೈಗೆ ಕೊಟ್ಟ ಅಧಿಕಾರ, ಸುತ್ತ ನಿಂತವರ ನಗು, ಕಂಡವರ ಮೌನ, ಇವೇ ಅವನ ಬಲ. ಆದ್ದರಿಂದ ಶಿಕ್ಷಿಸುವ ಮೊದಲು ಕೇಳಿ. ನೊಂದವರನ್ನು ಹೊರಗೆ ಕಳಿಸಿ ಶಾಲೆಗೆ ಶಾಂತಿ ತರಬೇಡಿ. ನೋಯಿಸಿದವನನ್ನು ತಿದ್ದಿ, ಅವನನ್ನೇ ಹೊಸ ಬೇಟೆ ಮಾಡಿಕೊಳ್ಳಬೇಡಿ. ಇನ್ನೊಬ್ಬರಿಗೆ ತೊಂದರೆಯಾಗಲಿ ಎಂದು ಹೇಳುವುದು ಚಾಡಿ. ಇನ್ನೊಬ್ಬರ ತೊಂದರೆ ನಿಲ್ಲಲಿ ಎಂದು ಹೇಳುವುದು ಕರ್ತವ್ಯ. ಮಕ್ಕಳು ಅದನ್ನು ಹೇಳಬೇಕು, ದೊಡ್ಡವರು ಅದನ್ನು ಕೇಳಬೇಕು.

ಕುಮುದಾ ಮೇಡಂ ಆ ಹಾಳೆಗಳನ್ನು ಮನೆಯಲ್ಲಿ ಕೂತು ಎಣಿಸಿದರು. ಕಂಡಿದ್ದೇವೆ ಎಂದು ಬರೆದವರು ಮೂವತ್ತೆಂಟು. ಹೇಳಲು ಹೋಗಿದ್ದೆ ಎಂದು ಬರೆದವರು ಒಬ್ಬರು.